ಸೀಲು ಹಾಕಿದ ತಟ್ಟೆ

ನಾನು ಪೊಲೀಸ್ ಕಾನ್‌ಸ್ಟೇಬಲ್. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳುವ ಅಭ್ಯಾಸ ನನಗಿಲ್ಲ.

ಬಾಗೂರಿನ ಕಡೆಯ ಒಂದು ಹಳ್ಳಿಯಲ್ಲಿ ತಾಯಮ್ಮ ಎಂಬ ಹೆಂಗಸು ಸತ್ತಿದ್ದಳು. ವಯಸ್ಸು ನಲವತ್ತಾದರೂ ಬುದ್ಧಿ ಮಗುವಿನದು, ಮಾತು ಬರುತ್ತಿರಲಿಲ್ಲ. ಅವಳನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿ, ಅನ್ನ ನೀರು ಕೊಡದೆ ಸಾಯಿಸಿದಳೆಂದು ಅತ್ತಿಗೆ ಸರೋಜಳ ಮೇಲೆ ಕೇಸು.

"ಹಸಿವಾದ್ರೆ ತಟ್ಟೆ ಬಡೀತಿದ್ಲು ಕಣವ್ವ, ನಮ್ಮನೆಗಂಟ ಕೇಳ್ಸೋದು," ಎಂದಿದ್ದಳು ಪಕ್ಕದ ಮನೆಯ ಮುದುಕಿ. ಸರೋಜ ಮಾತ್ರ, "ನಂಗೊಂದಿನಾನೂ ಕೇಳಿಸ್ನಿಲ್ಲ ಸಾ," ಎಂದೇ ಇನ್‌ಸ್ಪೆಕ್ಟರ ಮುಂದೆ ಸಾಧಿಸಿದಳು.

ಮಹಜರಿನ ದಿನ ಆ ಸ್ಟೀಲ್ ತಟ್ಟೆಯನ್ನು ಬಿಳಿ ಬಟ್ಟೆಯಲ್ಲಿಟ್ಟು ಹೊಲಿದು, ಅರಗು ಕರಗಿಸಿ ಸೀಲು ಒತ್ತಿದವಳು ನಾನೇ. ನಡುಬೇಸಿಗೆಯ ಮಧ್ಯಾಹ್ನ, ತಟ್ಟೆ ಮಾತ್ರ ಬಾವಿ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಿತ್ತು.

ವರ್ಷದ ಮೇಲೆ ಕೇಸು ವಿಚಾರಣೆಗೆ ಬಂತು. ಆ ಗಂಟನ್ನು ಕೋರ್ಟಿನ ಮೇಜಿನ ಮೇಲಿಟ್ಟು ಕೈ ತೆಗೆದೆ. ಟಣ್, ಟಣ್ ಎಂದಿತು. ಫ್ಯಾನಿನ ಸದ್ದಿರಬೇಕೆಂದು ತಲೆಯೆತ್ತಿದೆ. ಕರೆಂಟಿರಲಿಲ್ಲ, ಫ್ಯಾನು ನಿಂತಿತ್ತು. ವಕೀಲರು ಮಾತು ನಿಲ್ಲಿಸಿದರು. ಮತ್ತೆ ಟಣ್, ಟಣ್.

ಕಟಕಟೆಯಲ್ಲಿದ್ದ ಸರೋಜ ತಲೆಯನ್ನೂ ಎತ್ತದೆ, ಮನೆಗೆಲಸದ ನಡುವೆ ಗದರುವ ದನಿಯಲ್ಲಿ, "ಸುಮ್ಕಿರೇ ತಾಯಿ, ಕೇಳುಸ್ತು!" ಎಂದಳು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನ್ಯಾಯಾಧೀಶರ ಎದುರಿಗೇ ಗಂಟು ಬಿಚ್ಚಿದೆ. ಬಿಚ್ಚುವ ಮುನ್ನ ನೋಡಿದಾಗ ಅರಗಿನ ಮೇಲೆ ನಾನು ಒತ್ತಿದ ಸೀಲು ಹಾಗೇ ಇತ್ತು, ಒಂದು ಹೊಲಿಗೆಯೂ ಕಿತ್ತಿರಲಿಲ್ಲ. ಒಳಗಿನ ತಟ್ಟೆಯ ಅಂಚು, ಯಾರೋ ಬಹಳ ಹೊತ್ತು ಹಿಡಿದುಕೊಂಡಿದ್ದಂತೆ, ಬೆಚ್ಚಗಿತ್ತು.