ನಲವತ್ತೆಂಟು ದಿನದ ಬಂಧ

"ಕೈ ತೆಗೆ! ಕೈ ತೆಗೆ ಅಂತ ಹೇಳಿದೆನಲ್ಲ..." ಅತ್ತೆ ಮನೋರಮಾ ಕಿರುಚಿದರು. ಅಷ್ಟರೊಳಗೆ ಆಗಬಾರದ್ದು ಆಗಿಹೋಗಿತ್ತು. ಅತ್ತೆಯ ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೊಣಕಾಲನ್ನು ಮೆಲ್ಲಗೆ ಮಡಿಸಲು ಹೊರಟಿದ್ದ ಕುಶಲಾಳ ಕಿವಿಗೂ ಅದು ಕೇಳಿಸಿತು. ಮೊಣಕಾಲಿನ ಒಳಗಿನಿಂದ ಬಂದ ಶಬ್ದ, ಒಣಕಡ್ಡಿ ಮುರಿದ ಹಾಗೆ ಟಕ್ಕೆಂದು. ಪಕ್ಕದಲ್ಲಿ ಅವಳೇ ಬಿಚ್ಚಿಟ್ಟಿದ್ದ ಎರಡು ಹಲಗೆಗಳೂ ಬಟ್ಟೆಯ ಪಟ್ಟಿಗಳೂ ಬಿದ್ದಿದ್ದವು. ಮಾವ ಕಟ್ಟಿದ ಕಟ್ಟನ್ನು ಮಾವ ಇಲ್ಲದ ಹೊತ್ತಿನಲ್ಲಿ ಬಿಚ್ಚಿದ ಸೊಸೆಗೆ ಈ ಮನೆಯಲ್ಲಿ ಇನ್ನು ಯಾವ ಗತಿ?

ಅದು ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಸಂಧಿವಾತಕ್ಕೆ ಎಣ್ಣೆ ಹಚ್ಚುವವರಿದ್ದರು, ಲೇಪ ಕಟ್ಟುವವರಿದ್ದರು. ಮೊಣಕಾಲನ್ನೇ ಹೊಸತು ಮಾಡಿಸಿಕೊಂಡವರು ಮಾತ್ರ ಯಾರೂ ಇರಲಿಲ್ಲ. ಮೂವತ್ತೊಂದು ದಿನಗಳ ಹಿಂದೆ ಮಣಿಪಾಲದಲ್ಲಿ ಡಾಕ್ಟರ್ ವಿಲ್ಫ್ರೆಡ್ ಮನೋರಮಾರ ಸವೆದ ಎಲುಬಿನ ತುದಿಗಳನ್ನು ಕೊಯ್ದು ತೆಗೆದು, ಮೇಲೆ ಲೋಹದ ಟೊಪ್ಪಿಯನ್ನೂ ಕೆಳಗೆ ಪ್ಲಾಸ್ಟಿಕ್ಕಿನ ತಟ್ಟೆಯನ್ನೂ ಕೂರಿಸಿದ್ದರು. ಮನೆಗೆ ಕಳಿಸುವ ದಿನ ಕುಶಲಾಳನ್ನು ಕರೆದು, "ದಿನಕ್ಕೆ ಮೂರು ಸಲ ಮಡಿಸಬೇಕು. ಅವರು ಅಳುತ್ತಾರೆ, ನೀವು ಬಿಡಬಾರದು," ಎಂದಿದ್ದರು.

ಆದರೆ ಮನೆಯಲ್ಲಿ ಡಾಕ್ಟರಿಗಿಂತ ದೊಡ್ಡವರೊಬ್ಬರಿದ್ದರು. ಮಾವ ಮುದ್ದಣ್ಣ ಆಚಾರ್ಯರು ನಲವತ್ತು ವರ್ಷ ಕಲ್ಲಿನ ಜೊತೆ ಬಾಳಿದ ಶಿಲ್ಪಿ. ದೇವಸ್ಥಾನಗಳಲ್ಲಿ ಮೂರ್ತಿಯನ್ನು ಪೀಠಕ್ಕೆ ನಿಲ್ಲಿಸುವ ಅಷ್ಟಬಂಧ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಅರಗು, ಜೇನುಮೇಣ, ಗುಗ್ಗುಳ ಮುಂತಾದ ಎಂಟು ವಸ್ತುಗಳನ್ನು ದಿನಗಟ್ಟಲೆ ಕುಟ್ಟಿ, ಹಿಟ್ಟಿನ ಹದಕ್ಕೆ ತಂದು, ಬಿಸಿಯಿರುವಾಗಲೇ ಸಂದಿಗೆ ತುಂಬಬೇಕು. ಆಮೇಲೆ ನಲವತ್ತೆಂಟನೆಯ ದಿನ, ಬಂಧ ಗಟ್ಟಿಯಾಯಿತೆಂದು ಮಾಡುವ ದೃಢಕಲಶದ ಪೂಜೆ. ಅಲ್ಲಿಯವರೆಗೆ ಮೂರ್ತಿಯನ್ನು ಯಾರೂ ಅಲುಗಿಸಬಾರದೆಂಬುದು ಅವರ ಕಟ್ಟಪ್ಪಣೆ. ಆಸ್ಪತ್ರೆಯಲ್ಲಿ ಯಾರೋ, ಪುಡಿಗೆ ದ್ರವ ಬೆರೆಸಿ ಹಿಟ್ಟಿನಂತೆ ನಾದಿ ಕೀಲನ್ನು ಎಲುಬಿಗೆ ಕೂರಿಸುತ್ತಾರೆಂದು ಹೇಳಿದ್ದೇ ತಡ, ಅವರ ಮುಖ ಅರಳಿತ್ತು. "ಇದು ನಮ್ಮದೇ ಕೆಲಸ. ಹಾಗಾದರೆ ನಲವತ್ತೆಂಟು ದಿನ ಕಾಲು ಅಲುಗಬಾರದು," ಎಂದು ತೀರ್ಪು ಕೊಟ್ಟು, ಮನೆಗೆ ಬಂದ ದಿನವೇ ಹಲಸಿನ ಹಲಗೆ ಕೊಯ್ದು ಹೆಂಡತಿಯ ಕಾಲನ್ನು ನೆಟ್ಟಗೆ ಕಟ್ಟಿಬಿಟ್ಟರು.

"ಡಾಕ್ಟರು ಮಡಿಸಲಿಕ್ಕೆ ಹೇಳಿದ್ದಾರೆ ಮಾವ," ಎಂದು ಕುಶಲಾ ಒಂದು ಸಲ ಹೇಳಿ ನೋಡಿದ್ದಳು.

"ನಾನು ಕೂರಿಸಿದ ದೇವರು ಒಂದಾದರೂ ಅಲುಗಿದ್ದುಂಟಾ? ನಿನಗೆಂತ ಗೊತ್ತುಂಟು?"

ಅತ್ತೆಯಂತೂ ಸೊಸೆಯ ಕೈ ಸೋಕಿದರೆ ಮೈ ಮುದುಡಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಕುಶಲಾ ತೊಳೆದ ಅಂಗಳದಲ್ಲಿ ಅವರು ಜಾರಿ ಬಿದ್ದಿದ್ದರು. ಮೊಣಕಾಲು ಅದಕ್ಕೂ ಮೊದಲೇ ಕೆಟ್ಟಿತ್ತೆಂಬುದು ಊರಿಗೇ ಗೊತ್ತು, ಆದರೂ "ಇವಳೇ ನನ್ನ ಕಾಲು ತೆಗೆದವಳು" ಎಂಬ ಮಾತು ಮನೆಯಲ್ಲಿ ನಿತ್ಯದ ಮಂತ್ರವಾಗಿಬಿಟ್ಟಿತು. ಮಲ್ಪೆಯಲ್ಲಿ ದೋಣಿ ಕಟ್ಟುವ ಗಂಡ ಶೀನ ಭಾನುವಾರ ಮನೆಗೆ ಬಂದರೂ ತಂದೆಯ ಎದುರು ಬಾಯಿ ಬಿಡುವವನಲ್ಲ. ಮಡಿಸಿದರೆ ಮಾವನ ಸಿಟ್ಟು, ಮಡಿಸದಿದ್ದರೆ ಅತ್ತೆಯ ಕಾಲು ಜೀವಮಾನವಿಡೀ ಒನಕೆ. ಕುಶಲಾಳದು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು. ಕೊನೆಗೆ, ಮಾವ ಎಲ್ಲೂರಿನ ಕಡೆಗೆ ಕೆಲಸಕ್ಕೆ ಹೋದ ಆ ಮಧ್ಯಾಹ್ನ ಧೈರ್ಯ ಮಾಡಿ ಕಟ್ಟು ಬಿಚ್ಚಿದ್ದಳು. ಬಿಚ್ಚಿದ ಫಲ ಈಗ ಕಿವಿಯಲ್ಲಿ ಇನ್ನೂ ಮೊರೆಯುತ್ತಿತ್ತು.

ಸಂಜೆ ಮುದ್ದಣ್ಣ ಆಚಾರ್ಯರು ಬಂದರು. ಊದಿಕೊಂಡ ಮೊಣಕಾಲನ್ನು ನೋಡಿದರು, ಬಿಚ್ಚಿದ ಹಲಗೆಗಳನ್ನು ನೋಡಿದರು. ಅವರು ಬೈಯಲಿಲ್ಲ. ಬೈದಿದ್ದರೆ ಕುಶಲಾಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಬಂಧ ಬಿಟ್ಟಿತು," ಎಂದರು ತಗ್ಗಿದ ದನಿಯಲ್ಲಿ. "ನಾಳೆ ಕಾರು ಹೇಳುತ್ತೇನೆ. ನಿನ್ನ ಪೆಟ್ಟಿಗೆಯೂ ಕಾರಿನಲ್ಲಿ ಇರಲಿ. ಮಣಿಪಾಲದಿಂದ ನೀನು ಹಾಗೇ ಕಾಪುವಿಗೆ, ನಿನ್ನ ತಾಯಿಮನೆಗೆ ಹೋಗು. ಶೀನನಿಗೆ ನಾನು ಹೇಳುತ್ತೇನೆ."

ಕುಶಲಾ ಅತ್ತೆಯ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಅವರ ಬಾಯಿಂದ ಬಂದಿದ್ದರೆ! ಮನೋರಮಾ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.

ಮರುದಿನ ಹಿರಿಯಡಕದ ತಿರುವುಗಳಲ್ಲಿ ಕಾರು ಕುಲುಕಿದಾಗಲೆಲ್ಲ ಹಿಂದೆ ಡಿಕ್ಕಿಯಲ್ಲಿ ಅವಳ ತಗಡಿನ ಪೆಟ್ಟಿಗೆ ಸದ್ದು ಮಾಡುತ್ತಿತ್ತು. ಅತ್ತೆ ನರಳಿದರೆ ಕುಶಲಾಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಮತ್ತೆ ಹೆದರಿ ಹಿಂದೆ ಸರಿಯುತ್ತಿತ್ತು. ಮದುವೆಯಾಗಿ ಆರು ವರ್ಷ. ಕಾಪುವಿನಲ್ಲಿ ವಿಧವೆ ತಾಯಿಯ ಬಾಗಿಲಲ್ಲಿ ಆ ಪೆಟ್ಟಿಗೆ ಇಳಿಸಿ ಎಂತ ಹೇಳುವುದು? ಕಾಲು ಮುರಿದು ಬಂದೆ ಎಂದೇ?

ಮಣಿಪಾಲದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲಂ ಬಂತು. ಡಾಕ್ಟರ್ ವಿಲ್ಫ್ರೆಡ್ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಬಿಟ್ಟಿದೆಯಾ?" ಮುದ್ದಣ್ಣ ಆಚಾರ್ಯರು ಕೇಳಿದರು.

"ಇಲ್ಲ. ಇಲ್ಲಿ ನೋಡಿ, ಲೋಹಕ್ಕೂ ಎಲುಬಿಗೂ ನಡುವೆ ಬಿಳಿಯ ಪದರ ಉಂಟಲ್ಲ, ಅದೇ ಸಿಮೆಂಟು. ಸಡಿಲವಾಗಿದ್ದರೆ ಅದರ ಅಂಚಿನಲ್ಲಿ ಕಪ್ಪು ಗೆರೆ ಕಾಣಬೇಕಿತ್ತು. ಹಾಗೆಂತದೂ ಇಲ್ಲ."

"ಮತ್ತೆ ಆ ಶಬ್ದ?"

"ಅಲುಗಾಡಿಸದೆ ಇಟ್ಟದ್ದರಿಂದ ಒಳಗೆ ಮಾಂಸ ಅಂಟಿಕೊಂಡಿದೆ. ಒಂದು ಎಳೆ ಹರಿದಿದೆ, ಅಷ್ಟೇ. ಹರಿದದ್ದು ಒಳ್ಳೆಯದಾಯಿತು. ಕಾಲನ್ನು ಕಟ್ಟಿದ್ದು ಯಾರು?"

ಮುದ್ದಣ್ಣ ಆಚಾರ್ಯರೇ ತಲೆ ತಗ್ಗಿಸಿ, "ನಾನು. ಬಂಧ ಗಟ್ಟಿಯಾಗಲಿಕ್ಕೆ ನಲವತ್ತೆಂಟು ದಿನ..." ಎಂದು ತಮ್ಮ ಕೆಲಸದ ವಿಷಯ ಹೇಳಿದರು. ಡಾಕ್ಟರು ನಗಲಿಲ್ಲ.

"ಆಚಾರ್ಯರೇ, ಇದು ಗಟ್ಟಿಯಾಗಲಿಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು. ನಾನು ಅದನ್ನು ಎಲುಬಿಗೆ ಒತ್ತಿ ಹಿಡಿದಿರುವಾಗಲೇ ಬಿಸಿಯಾಗಿ ಕಲ್ಲಾಗಿದೆ. ಇದು ಅಂಟಲ್ಲ. ಎಲುಬಿನಲ್ಲಿ ಜೇನುಹುಟ್ಟಿನ ಹಾಗೆ ತೂತುಗಳು ಉಂಟು, ಅವುಗಳೊಳಗೆ ನುಗ್ಗಿ ಅಲ್ಲೇ ಕಚ್ಚಿ ಹಿಡಿಯುತ್ತದೆ. ನಿಮ್ಮ ದೇವರು ನಿಂತಲ್ಲಿ ನಿಲ್ಲಬೇಕು, ಅದು ಸರಿ. ಇವರು ನಡೆಯಬೇಕಲ್ವಾ?"

ಮುದ್ದಣ್ಣ ಆಚಾರ್ಯರು ಗೋಡೆಗೆ ಕೈಯೂರಿ ನಿಂತರು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಕೈಯ ಕೆಲಸ ಕೆಟ್ಟಿತ್ತು, ಅದೂ ಕಟ್ಟಿಕೊಂಡ ಹೆಂಡತಿಯ ಮೈಮೇಲೆ.

ಡಾಕ್ಟರು ಹೇಳುವುದು ಇನ್ನೂ ಇತ್ತು. ಈಗ ಮನೆಯಲ್ಲಿ ಮಡಿಸಿದರೆ ಸಾಲದು. ಅರಿವಳಿಕೆ ಕೊಟ್ಟು ತಾವೇ ಮಡಿಸಬೇಕು. ವಾತದ ಎಲುಬು ಬಲಹೀನ, ಲೋಹದ ಮೇಲ್ಗಡೆ ಮುರಿದರೂ ಮುರಿಯಬಹುದು. ಮನೆಯವರೊಬ್ಬರು ಒಪ್ಪಿ ಸಹಿ ಮಾಡಬೇಕು.

ಡಾಕ್ಟರು ಕೊಟ್ಟ ಪೆನ್ನನ್ನು ಮಾವ ಹಾಗೇ ಮೇಜಿನ ಮೇಲಿಟ್ಟರು. "ನನ್ನಿಂದಾಗುವುದಿಲ್ಲ... ಶೀನ ಬರಲಿ," ಎಂದು ಅವರು ಕಣ್ಣೊರೆಸಿಕೊಂಡರು.

"ಶೀನ ಬೇಡ. ಅವಳು ಹಾಕಲಿ," ಮಂಚದಿಂದ ಮನೋರಮಾ ಹೇಳಿದರು.

ಕುಶಲಾ ಬೆಚ್ಚಿಬಿದ್ದಳು. ಎಲುಬು ಮುರಿದರೆ? ಬಾಯಲ್ಲಿದ್ದ ಆರೋಪ ಈಗ ಕಾಗದದ ಮೇಲೂ ಬರಲಿ ಎಂದೇ ಅತ್ತೆಯ ಹಂಚಿಕೆ?

"ಬೇಡ ಅತ್ತೆ... ನನಗೆ ಹೆದರಿಕೆ ಆಗುತ್ತದೆ."

"ನನಗೂ ಆಗುತ್ತದೆ ಮಾರಾಯ್ತಿ. ಹೆದರಿಯೇ ಇಷ್ಟೆಲ್ಲ ಆಯಿತು." ಮನೋರಮಾ ಸೊಸೆಯ ಕಡೆಗೆ ತಿರುಗಿದರು. "ನಿನ್ನೆ ಟಕ್ ಅಂದಿತಲ್ಲ... ಆಮೇಲೆ ಕಾಲು ಸ್ವಲ್ಪ ಹಗುರವಾಗಿತ್ತು. ನನಗೆ ಗೊತ್ತಾಗಿತ್ತು, ಕುಶಲಾ. ಅವರು ನಿನ್ನ ಪೆಟ್ಟಿಗೆ ಕಟ್ಟಿಸುವಾಗಲೂ ಗೊತ್ತಿತ್ತು. ಹೇಳಿದರೆ ಮತ್ತೆ ಮಡಿಸುತ್ತೀ ಅಂತ ನಾನು ಬಾಯಿ ಮುಚ್ಚಿಕೊಂಡೆ."

ಆರು ವರ್ಷ ನುಂಗಿಕೊಂಡ ಅಳು ಕುಶಲಾಳಿಗೆ ಒಮ್ಮೆಲೇ ಉಕ್ಕಿಬಂತು. ಒಂದು ಗಳಿಗೆ ಅವಳಿಗೆ ಸಿಟ್ಟೂ ಬಂತು, ಬಾರದೆ ಇರುತ್ತದೆಯೇ? ಆ ಪೆನ್ನನ್ನು ಅಲ್ಲೇ ಬಿಟ್ಟು ಕಾಪುವಿನ ಬಸ್ಸು ಹತ್ತಿದ್ದರೆ ಯಾರೂ ಅವಳದು ತಪ್ಪು ಎನ್ನುವಂತಿರಲಿಲ್ಲ. ಅವಳು ಕಣ್ಣೀರಿನಲ್ಲೇ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಮುಚ್ಚಿದ ಬಾಗಿಲಿನ ಹೊರಗೆ ಮಾವ ಸೊಸೆ ಒಂದೇ ಬೆಂಚಿನಲ್ಲಿ ಕುಳಿತರು. ಒಳಗಿನ ಪ್ರತಿ ಸದ್ದಿಗೂ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು. ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, ತಮ್ಮ ಮೊಣಕೈಯನ್ನು ಮಡಿಸಿ ತೋರಿಸಿದರು. ತೊಂಬತ್ತು ಡಿಗ್ರಿ. ಎಲುಬು ಮುರಿದಿರಲಿಲ್ಲ.

"ಡಾಕ್ಟರೇ, ಎಷ್ಟು ವರ್ಷ ನಿಲ್ಲಬಹುದು ಇದು?" ಮಾವ ಕೇಳಿದರು.

"ಹತ್ತು, ಹನ್ನೆರಡು. ಹೆಚ್ಚೂ ನಿಲ್ಲಬಹುದು. ಆಮೇಲೆ ಸಡಿಲವಾದರೆ ಬೇರೆ ಕೂರಿಸಬೇಕು."

"ನಮ್ಮದೂ ಹನ್ನೆರಡು ವರ್ಷವೇ, ಆಮೇಲೆ ಬಂಧ ಹೊಸತು ಮಾಡಬೇಕು," ಎಂದು ಮುದ್ದಣ್ಣ ಆಚಾರ್ಯರು ತಮ್ಮಷ್ಟಕ್ಕೇ ಹೇಳಿಕೊಂಡರು. ಮೂರು ದಿನ ಕಳೆದು ಕಾರು ಕುಕ್ಕುಂದೂರಿಗೆ ಮರಳಿದಾಗ, ತಗಡಿನ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತು ಸೊಸೆಯ ಕೋಣೆಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ಕುಶಲಾ ಅತ್ತೆಯ ಹಿಮ್ಮಡಿಯ ಕೆಳಗೆ ಅಂಗೈಯಿಟ್ಟಳು. ಮೊಣಕಾಲು ಸ್ವಲ್ಪ ಮಡಿಯಿತು, ಇನ್ನೂ ಸ್ವಲ್ಪ... ಒಳಗೆಲ್ಲೋ ಮತ್ತೆ ಟಕ್ಕೆಂದಿತು. ಕುಶಲಾ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದುಕೊಳ್ಳಲು ಹೊರಟಳು.

ಮನೋರಮಾ ಬಗ್ಗಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕೈ ತೆಗೆಯಬೇಡ," ಎಂದರು.