ತೊಟ್ಟಿನೊಳಗಿನ ನೀರು

ಮೂರನೆಯ ಸಲವೂ ಲಾರಿ ತುಂಬಿದ್ದು ತುಂಬಿದಂತೆಯೇ ತಿರುಗಿ ಬಂತು.

ಡ್ರೈವರ್ ಚಮನಸಾಬ ಕೆಳಗಿಳಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಒಂದು ಚೀಟಿಯನ್ನು ಸುಧಾರಾಣಿಯ ಕೈಗಿಟ್ಟ. ಅದೇ ಅಚ್ಚುಕಟ್ಟಾದ ಅಕ್ಷರ: 'ತೇವ ಹೆಚ್ಚು. ವಾಪಸ್.' ಕೆಳಗೆ ಅದೇ ಸಹಿ, ವಿರೂಪಾಕ್ಷ.

"ಅಕ್ಷರ ಮಾತ್ರ ಮುತ್ತಿನಂಗ ಬರೀತಾನ ನೋಡ ನಿಮ್ಮ ಸಾಹೇಬ," ಎಂದಳು ದೌಲತಬಿ.

"ನಮ್ಮ ಸಾಹೇಬ ಯಾಕ ಆಗ್ತಾನ ಚಾಚಿ?"

"ಮತ್ತ ಚೀಟಿ ಯಾಕ ಮಡಚಿ ಇಟ್ಕೊಂತಿ? ಹರದು ಒಗಿ."

ಸುಧಾರಾಣಿ ಹರಿಯಲಿಲ್ಲ. ಹಿಂದಿನ ಎರಡು ಚೀಟಿಗಳನ್ನೂ ಹರಿದಿರಲಿಲ್ಲ.

ಬ್ಯಾಡಗಿಯಲ್ಲಿ ಅವಳ ತಂದೆ ಅಂದಾನೆಪ್ಪನವರದು ಮೆಣಸಿನಕಾಯಿ ಶೆಡ್ಡು. ನಲವತ್ತು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುವರು. ದೌಲತಬಿ ಅವರಲ್ಲಿ ಹಿರಿಯಳು. ಕಾಯಿ ಚೀಲ ಸೇರಿದರೆ ತೊಟ್ಟು ತಿಪ್ಪೆ ಸೇರುತ್ತಿತ್ತು. ತಿಪ್ಪೆಗೆ ಬೆಂಕಿ ಬಿದ್ದ ದಿನ ಓಣಿಗೆ ಓಣಿಯೇ ಕೆಮ್ಮುತ್ತಿತ್ತು.

ಆ ತೊಟ್ಟು ನಮಗೆ ಬೇಕು ಎಂದು ಕೇಳಿಕೊಂಡು ಒಬ್ಬ ಬಂದ. 2006ರ ಡಿಸೆಂಬರ್ ಅದು. ಬಾಗಲಕೋಟೆ ಕಡೆಯ ಯಾವುದೋ ಸಿಮೆಂಟು ಕಂಪನಿ ರಾಣೆಬೆನ್ನೂರಿನಲ್ಲಿ ಸಣ್ಣ ಆಫೀಸು ತೆರೆದಿತ್ತು. ಅಲ್ಲಿನ ಇಂಜಿನಿಯರು ಹಾವೇರಿಯ ಹುಡುಗ ವಿರೂಪಾಕ್ಷ. ಶೆಡ್ಡಿನ ಬಾಗಿಲಲ್ಲಿ ನಿಂತು ಮಾತಾಡಲೆಂದು ಬಾಯಿ ತೆರೆದವನು ಒಂದೇ ಸಮನೆ ಸೀನಿದ. ಸುಧಾರಾಣಿ ನೀರಿನ ತಂಬಿಗೆ ಹಿಡಿದುಕೊಂಡು ಕಾದಳು. ಕೊನೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಅವನು ಹೇಳಿದ:

"ಸಿಮೆಂಟು ಮಾಡ್ಲಿಕ್ಕೆ ಸುಣ್ಣದಕಲ್ಲು ಸುಡಬೇಕ್ರಿ. ಕಲ್ಲಿನೊಳಗಿಂದನ ಇಂಗಾಲ ಹೊರಗ ಬರ್ತದ, ಅದನ್ನ ತಡೀಲಿಕ್ಕೆ ಆಗೂದಿಲ್ಲ. ಸುಡೂ ಕಲ್ಲಿದ್ದಲನ್ನರ ಕಡಿಮಿ ಮಾಡಬಹುದಲ್ಲ? ನಿಮ್ಮ ತೊಟ್ಟು ಉರದ್ರ ಅಷ್ಟು ಕಲ್ಲಿದ್ದಲು ಭೂಮಿಯೊಳಗ ಉಳೀತದ."

ತಿಪ್ಪೆಯ ವಸ್ತುವಿನ ಬಗ್ಗೆ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ನೀರು ಘಾಟಿನದೆಂದು ಗೊತ್ತಿದ್ದರೂ ಅವಳಿಗೆ ಅದು ಹಿಡಿಸಿತು.

ಆಮೇಲೆ ಶುರುವಾಯಿತು ಈ ವಾಪಸ್ ಬರುವ ಕಾಟ. ಹಸಿ ತೊಟ್ಟು ಹಾಕಿದರೆ ಸುಣ್ಣದಕಲ್ಲು ಸುಡುವ ಗೂಡಿನ ಉರಿ ಇಳಿಯುತ್ತದೆ, ಏರಿಸಲು ಮತ್ತೆ ಕಲ್ಲಿದ್ದಲೇ ಬೇಕಾಗುತ್ತದೆ. ಎರಡನೆಯ ಲಾರಿ ತಿರುಗಿದಾಗ ಅವನೇ ಬಂದು ಕೇಳಿದ್ದ: "ತೊಟ್ಟಿಗೆ ನೀರು ಹಾಕ್ತೀರೇನ್ರಿ? ತೂಕಕ್ಕಂತ?"

ಅವಳ ಮೈಯೆಲ್ಲ ಉರಿದಿತ್ತು. "ನಮ್ಮವ್ವನ ಆಣಿ, ತೊಟ್ಟಿಗೆ ಒಂದು ಹನಿ ನೀರು ಹಾಕಿಲ್ಲ."

ಅವನು ಅವಳ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. "ನೀವು ಹೇಳಿದ್ರ ಮುಗೀತು," ಎಂದು ಹೊರಟುಹೋದ. ಆ ಮಾತನ್ನು ಅವಳು ತಿಂಗಳಿಡೀ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು.

ಈಗ ಮೂರನೆಯ ಚೀಟಿ. ಸುಧಾರಾಣಿ ಮೊಬೈಲ್ ತೆಗೆದಳು.

"ನಾ ಹೇಳಿದ್ರ ಮುಗೀತು ಅಂದಿದ್ರಲ್ರಿ?"

"ನಂಬೇನಿ ಅಂತನ ತೇವ ಅಳಿಯೂ ಮೀಟರ್ ಕೆಟ್ಟದ ಅಂತ ಮ್ಯಾಲಿನವರಿಗೆ ಬರದೆ. ಅವರು ಹೊಸಾದು ಕಳಿಸಿದ್ರು. ಹತ್ತರೊಳಗ ಇರಬೇಕಾದ ತೇವ ಅದೂ ಇಪ್ಪತ್ತೆಂಟು ತೋರಿಸ್ತು. ಈಗ ನನ್ನ ತಲೀನ ಕೆಟ್ಟದ ಅಂತಾರ." ಅವನ ದನಿ ಸೋತಿತ್ತು. "ಮಾರ್ಚ್ ಮೂವತ್ತೊಂದಕ್ಕ ಆಫೀಸು ಮುಚ್ಚತಾರ್ರಿ. ನನ್ನ ಫ್ಯಾಕ್ಟರಿಗೆ ವಾಪಸ್ ಕರದಾರ."

ಇನ್ನು ಹನ್ನೊಂದೇ ದಿನ. ಅವಳು ಬಾಗಿಲ ಬಳಿ ಕುಳಿತುಬಿಟ್ಟಳು. ಸುಳ್ಳಿಯೆಂದು ಅನ್ನಿಸಿಕೊಂಡದ್ದಕ್ಕೋ, ಅವನು ಹೋಗುತ್ತಾನೆಂದೋ, ಯಾವುದಕ್ಕೆ ಹೆಚ್ಚು ಸಿಟ್ಟು ಬಂದಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಸಂಜೆ ಕೆಲಸ ಬಿಡುವ ಹೊತ್ತಿಗೆ ದೌಲತಬಿ ಕೊಡ ತಂದು, ನಾಳೆಯ ಕಾಯಿ ರಾಶಿಯ ಮೇಲೆ ಬೊಗಸೆಯಿಂದ ನೀರು ಚಿಮುಕಿಸತೊಡಗಿದಳು. ದಿನವೂ ನಡೆಯುವ ಕೆಲಸವೇ. ಒಣಕಾಯಿ ಮೆತ್ತಗಾಗದಿದ್ದರೆ ಬಿಡಿಸುವಾಗ ಪುಡಿಯಾಗುತ್ತದೆ, ಬೀಜ ಚೆಲ್ಲುತ್ತದೆ, ಘಾಟು ಏಳುತ್ತದೆ. ಅಂಬೆಗಾಲಿಡುವ ಕಾಲದಿಂದ ಸುಧಾರಾಣಿ ನೋಡಿದ್ದೇ. ಇವತ್ತು ಮಾತ್ರ ಕಣ್ಣು ಅಲ್ಲೇ ನಿಂತಿತು.

"ಚಾಚಿ, ಏನು ಮಾಡಾಕತ್ತಿ?"

"ಕಣ್ಣ ಹೋಗ್ಯಾವೇನು? ಕಾಯಿಗೆ ನೀರು ಹಾಕಾಕತ್ತೇನಿ."

"ತೊಟ್ಟು ಎಲ್ಲಿರ್ತೈತಿ?"

"ಕಾಯಿಗೆ ಇರ್ತೈತಿ. ಮತ್ತ ನನ್ನ ತಲಿಗಿ ಇರ್ತೈತೇನು?" ಎಂದ ದೌಲತಬಿಯ ಕೈ ಕೊಡದೊಳಗೇ ನಿಂತಿತು. "ಯಾ ಅಲ್ಲಾ," ಎಂದಳು ಮೆಲ್ಲಗೆ.

ರಾತ್ರಿಯಿಡೀ ನೀರು ಕುಡಿದ ತೊಟ್ಟು ಬೆಳಿಗ್ಗೆ ಬಿಡಿಸಿದ ಕೂಡಲೇ ಚೀಲ ಸೇರುತ್ತಿತ್ತು. ಚೀಲದೊಳಗೆ ಅದು ಒಣಗುವುದಾದರೂ ಹೇಗೆ?

ಮರುದಿನ ಮೊದಲ ಬಸ್ಸಿಗೆ ಅವಳು ರಾಣೆಬೆನ್ನೂರಿಗೆ ಹೋದಳು. ವಿರೂಪಾಕ್ಷ ಫೈಲುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ನೀರು ಹಾಕೇವ್ರಿ," ಎಂದಳು ನಿಂತಲ್ಲೇ. "ತೊಟ್ಟಿಗಲ್ಲ. ಕಾಯಿಗೆ."

ಎಲ್ಲವನ್ನೂ ಕೇಳಿ ಅವನು ಪೆಟ್ಟಿಗೆಯ ಮೇಲೆಯೇ ಕುಳಿತ. ಅವನ ಮುಖದ ಮೇಲೆ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಮೂರು ತಿಂಗಳು ಯಾಕ ಹೇಳಲಿಲ್ರಿ?"

"ನೀವು ತೊಟ್ಟು ಕೇಳಿದ್ರಿ. ಕಾಯಿ ಕೇಳಲೇ ಇಲ್ಲ."

"ಕೇಳೂದು ನನಗರ ಹೆಂಗ ಗೊತ್ತಾಗಬೇಕ್ರಿ?"

"ಹೇಳೂದು ನನಗರ ಹೆಂಗ ಗೊತ್ತಾಗಬೇಕು? ಉಸಿರಾಡ್ತೇನಿ ಅಂತ ನಿಮಗ ದಿನಾ ಹೇಳ್ತೇನೇನು?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಎಂಟು ದಿನ ಕೊಡ್ರಿ. ಮಾಳಗಿ ಮ್ಯಾಲ ಹರವಿ ಒಣಗಸ್ತೇನಿ."

"ಕಂಪನಿ ಕಾಯೂದಿಲ್ರಿ."

"ನೀವು?"

ಅವನು ಎದ್ದು ನಿಂತ. ಪೆಟ್ಟಿಗೆಯಿಂದ ಮೀಟರ್ ಹೊರತೆಗೆದು ಹೆಗಲಚೀಲಕ್ಕೆ ಹಾಕಿಕೊಂಡ.

ರಜೆ ಹಾಕಿ ದಿನವೂ ಬ್ಯಾಡಗಿಗೆ ಬಂದ. ಘಾಟಿಗೆ ಹೆದರಿ ಮೂಗಿಗೆ ಟವೆಲ್ ಬಿಗಿದುಕೊಂಡು, ಬಿಸಿಲಿನಲ್ಲಿ ಅವಳೊಂದಿಗೆ ತೊಟ್ಟು ತಿರುವಿ ಹಾಕಿದ. ಎಂಟು ದಿನ ಅವಳು ಕಂಡದ್ದು ಅವನ ಎರಡು ಕಣ್ಣು ಮಾತ್ರ. ಮೀಟರ್ ನೋಡಬೇಕಾದಾಗ ಆ ಕಣ್ಣು ಅವಳನ್ನೇ ನೋಡುತ್ತಿತ್ತು. "ಎಷ್ಟು?" ಎಂದು ಕೇಳಿದರೆ ಗಡಬಡಿಸಿ ಕೆಳಗೆ ನೋಡಿ, "ಹತ್ತೊಂಬತ್ತು," ಎನ್ನುತ್ತಿದ್ದ. ಮತ್ತೆ ಹದಿನಾಲ್ಕು. ಮೂವತ್ತನೆಯ ತಾರೀಖು ಬೆಳಿಗ್ಗೆ ಮೀಟರ್ ಒಂಬತ್ತಕ್ಕೆ ಇಳಿದಿತ್ತು.

ಚಮನಸಾಬ ಲಾರಿ ಒಯ್ದ. ಸಂಜೆ ಫ್ಯಾಕ್ಟರಿಯಿಂದ ಫೋನು ಬಂತು. ಮಾಲು ಗೂಡು ಸೇರಿತ್ತು, ಉರಿ ಇಳಿದಿರಲಿಲ್ಲ. ಆದರೆ ಆಫೀಸು ಮುಚ್ಚುವ ಆರ್ಡರ್ ಬದಲಾಗಲಿಲ್ಲ. ಮುಂದಿನ ಸೀಜನ್ನಿಗೆ ನೋಡೋಣ ಎಂದರಂತೆ ಮೇಲಿನವರು.

"ಗೆದ್ದೂ ಸೋತಂಗಾತು," ಎಂದ ವಿರೂಪಾಕ್ಷ, ಖಾಲಿಯಾದ ಮಾಳಿಗೆಯ ಮೇಲೆ ನಿಂತು. "ನಾಳೆ ಹೋಗ್ತೇನ್ರಿ."

"ಹೂಂ."

ಅವನು ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದ. "ಈ ಸಲ ಸರಿಯಾಗಿ ಕೇಳ್ತೇನಿ. ನಾ ಕೇಳಲಿಲ್ಲಂತ ನೀವು ಹೇಳದ ಬಿಟ್ಟದ್ದು ಇನ್ನೂ ಏನರ ಅದ ಏನ್ರಿ?"

ಸುಧಾರಾಣಿ ಕಾಲಬೆರಳಿನಿಂದ ತೊಟ್ಟೊಂದನ್ನು ಸರಿಸಿದಳು. "ಮೊದಲನೇ ದಿನ ನೀವು ಹನ್ನೊಂದು ಸಲ ಸೀನಿದ್ರಿ."

"ಎಣಿಸಿದ್ರೇನು? ಯಾಕ?"

"ಹನ್ನೆರಡಾಗ್ಲಿ ಅಂತ. ಸೀನೂದು ಮುಗದ್ರ ಮಾತಾಡಿ ಲಗೂ ಹೋಗಿಬಿಡ್ತೀರಿ ಅಂತ."

ಅವನು ಟವೆಲ್ ಬಿಚ್ಚಿದ. ಎಂಟು ದಿನಗಳ ಮೇಲೆ ಅವಳು ಆ ಮುಖದ ನಗು ಕಂಡಳು.

"ಬರೋ ಭಾನುವಾರ ಅಂದಾನೆಪ್ಪನವರು ಮನಿಯಾಗ ಇರ್ತಾರೇನ್ರಿ? ಫ್ಯಾಕ್ಟರಿಯಿಂದ ಬಸ್ಸು ಅದ."

"ಇರ್ತಾರ್ರಿ. ನಾನೂ ಇರ್ತೇನಿ."

ಇನ್ನೇನೋ ಹೇಳಲೆಂದು ಅವನು ಬಾಯಿ ತೆರೆದ. ಕೆಳಗಿನ ಶೆಡ್ಡಿನಿಂದ ಘಾಟು ಏರಿ ಬಂತು. ಮಾಳಿಗೆ ನಡುಗುವಂತೆ ಸೀನಿದ.

"ಹನ್ನೆರಡು," ಎಂದಳು ಸುಧಾರಾಣಿ.