ಐವತ್ತೆರಡು ದಿನದ ತಿರುಪು

ತನುಜಾಳಿಗೆ ಬಸ್ಸು ಉಚಿತ. ಚೆಲ್ಲೋಗೆ ಮಾತ್ರ ಫುಲ್ ಟಿಕೆಟ್, ಮೂವತ್ತು ರೂಪಾಯಿ.

"ಇದಕ್ಕೂ ಆಧಾರ್ ಕಾರ್ಡ್ ಇದ್ರೆ ತೋರ್ಸಮ್ಮ, ಫ್ರೀ ಬಿಡ್ತೀನಿ. ಹೆಣ್ಣೋ ಗಂಡೋ?" ಎಂದು ಕಂಡಕ್ಟರ್ ನಕ್ಕ.

ಹೋಗಲು ಮೂವತ್ತು, ಬರಲು ಮೂವತ್ತು, ಶಿವಮೊಗ್ಗದಲ್ಲಿ ಆಟೋಗೆ ಅರವತ್ತು. ಪಿಟೀಲಿನ ದೊಡ್ಡಣ್ಣನಂತಿರುವ ಆ ವಾದ್ಯವನ್ನು ಶ್ರುತಿ ಮಾಡಿಸಲು ಇಷ್ಟು ಖರ್ಚು. ಭದ್ರಾವತಿಯ ಜನ್ನಾಪುರದ ಮನೆಯಲ್ಲೇ ಐದು ನಿಮಿಷಕ್ಕೆ ಮುಗಿಯುವ ಕೆಲಸ... ಬಲ ಮಣಿಕಟ್ಟು ಸರಿಯಿದ್ದಿದ್ದರೆ!

ಸ್ಕೂಟಿಯಿಂದ ಬಿದ್ದು, ಒಳಗೆ ಪ್ಲೇಟ್ ಹಾಕಿಸಿಕೊಂಡ ಕೈ ಅದು. ಕಮಾನು ಹಿಡಿಯುತ್ತಿತ್ತು. ಬಾಟಲಿ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಇನ್ನು ತಂತಿ ಸುತ್ತಿದ ಬಿರಡೆಯನ್ನು ತಿರುಗಿಸುವುದೆಲ್ಲಿ? ಒಂದು ಕೈಯಲ್ಲಿ ವಾದ್ಯದ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಆ ಮರದ ಗೂಟವನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ಒತ್ತದಿದ್ದರೆ ಜಾರಿ ಹಿಂದಕ್ಕೆ ಬರುತ್ತದೆ.

ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಶಶಿಧರನ ಅಂಗಡಿ. ವೀಣೆ, ಪಿಟೀಲು, ಹಾರ್ಮೋನಿಯಂ ರಿಪೇರಿ. ಮೊದಲ ದಿನ ಅವನು ಚೀಲ ಬಿಚ್ಚಿ ಸೀದಾ ಬಿರಡೆಗೇ ಕೈ ಹಾಕಿದ್ದ.

"ಮುಟ್ಬೇಡಿ!" ತನುಜಾ ಕೂಗಿಬಿಟ್ಟಳು.

"ಮುಟ್ಟದೇ ಶ್ರುತಿ ಮಾಡೋಕೆ ನಾನೇನು ಮಂತ್ರವಾದಿನಾ?"

"ತಂತಿ ಕಿತ್ತುಹೋದ್ರೆ ಎರಡೂವರೆ ಸಾವಿರ! ನಮ್ಮ ಮೇಷ್ಟ್ರು ಕೊಟ್ಟುಹೋದ ಚೆಲ್ಲೋ ಅದು."

ಅವನು ಕೈ ತೆಗೆದ. ಅವಳ ಮಣಿಕಟ್ಟಿನ ಹೊಲಿಗೆ ಗುರುತು ನೋಡಿದ. ಆಮೇಲೆ ಮೆತ್ತಗೆ ಕೇಳಿದ, "ಸರಿ. ಎಲ್ಲಿ ನಿಲ್ಲಿಸ್ಬೇಕು ಅಂತ ನೀವೇ ಹೇಳಿ."

ಹಾಗೆ ಶುರುವಾಯಿತು. ಪ್ರತಿ ಶನಿವಾರ ಅವಳು ಕಮಾನು ಎಳೆಯುವುದು, ಅವನು ಬಿರಡೆ ತಿರುಗಿಸುವುದು. ಶ್ರುತಿ ಸೇರಿದ ಮೇಲೂ "ಇನ್ನೊಂಚೂರು..." ಎನ್ನುವುದನ್ನು ತನುಜಾ ಕಲಿತಳು. ಅವನಿಗೂ ಕಿವಿಯಿತ್ತು. ಆದರೂ ಸುಮ್ಮನೆ ಇನ್ನೊಂಚೂರು ತಿರುಗಿಸಿ, ಮತ್ತೆ ಹಿಂದಕ್ಕೆ ತರುತ್ತಿದ್ದ.

ನಾಲ್ಕು ತಿಂಗಳು ಹೀಗೇ ಕಳೆಯಿತು.

ಶಿವರಾತ್ರಿ ಮುಗಿದ ಶನಿವಾರ ನಾಲ್ಕು ತಂತಿಗಳ ಬುಡದಲ್ಲೂ ಬೆಳ್ಳಿಬಣ್ಣದ ಪುಟ್ಟ ತಿರುಪುಗಳನ್ನು ಕೂರಿಸಿಕೊಟ್ಟ.

"ಎರಡು ಬೆರಳು ಸಾಕು, ನೋಡಿ. ಸ್ವಲ್ಪ ಇಳಿದಿದ್ರೆ ಇಷ್ಟರಲ್ಲೇ ಸರಿಯಾಗುತ್ತೆ. ಇನ್ಮೇಲೆ ನೀವು ಬರೋದೇ ಬೇಡ."

ಬರೋದೇ ಬೇಡ...!

"ಎಷ್ಟಾಯ್ತು?" ಎಂದಳು.

"ಏನೂ ಬೇಡ."

'ದುಡ್ಡೂ ಬೇಡ, ನಾನೂ ಬೇಡ!' ಬಸ್ಸಿನಲ್ಲಿ ಚೆಲ್ಲೋವನ್ನು ತಬ್ಬಿಕೊಂಡು ಕೂತವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ.

ಅವಳು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಬಿಸಿಲೇರಿತು. ಬಿರಡೆಗಳು ಒಣಗಿ ದಿನಾ ಕೂದಲೆಳೆಯಷ್ಟು ಜಾರಿದವು. ದಿನಾ ಬೆಳಿಗ್ಗೆ ತನುಜಾ ತಿರುಪನ್ನು ಅಷ್ಟೇ ಬಿಗಿ ಮಾಡಿದಳು.

"ಶಿವಮೊಗ್ಗದ ದಾರಿ ಮರೆತೇಬಿಟ್ಯಲ್ಲ ಮಾರಾಯ್ತಿ, ಜಗಳನಾ?" ಎಂದು ತಾಯಿ ಜಗದಾಂಬಾ ಕೇಳಿದರು.

"ಜಗಳ ಆಡೋಕೆ ಅವರು ನನಗೇನಾಗ್ಬೇಕು ಅಮ್ಮ?"

ಒಂದು ದಿನ ತಿರುಪು ತಿರುಗಲೇ ಇಲ್ಲ. ಕೊನೆ ಮುಟ್ಟಿತ್ತು. ಇನ್ನು ಅದನ್ನು ಪೂರ್ತಿ ಸಡಿಲ ಮಾಡಿ, ಬಿರಡೆಯನ್ನೇ ತಿರುಗಿಸಿ ಹೊಸದಾಗಿ ಶುರು ಮಾಡಬೇಕು. ಎಡಗೈಯಲ್ಲಿ ಒತ್ತಿದಳು. ಜಾರಿತು. ಹಲ್ಲು ಕಚ್ಚಿ ಬಲಗೈ ಹಾಕಿದಳು. ನೋವು ಮೊಣಕೈವರೆಗೆ ಏರಿತು. ತನ್ನದೇ ವಾದ್ಯ, ತನ್ನದೇ ಮನೆ... ಒಂದು ಗೂಟ ತಿರುಗಿಸಲಾಗದ ಬದುಕು!

"ಅಳ್ಬೇಡ ಬಿಡು, ನಾನ್ ತಿರುಗಿಸ್ತೀನಿ." ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಬಂದರು.

"ಅಮ್ಮ, ತಾಳು, ಮೊದಲು ತಿರುಪು..."

ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿಬಿಟ್ಟರು. ಟಪ್! ಅತಿ ಸಣ್ಣ ತಂತಿ ಕಿತ್ತುಹೋಯಿತು.

ಮಾರನೇ ದಿನ ಮತ್ತೆ ಅದೇ ಬಸ್ಸು, ಚೆಲ್ಲೋಗೆ ಅದೇ ಟಿಕೆಟ್ಟು.

ಅವಳನ್ನು ಕಂಡ ಶಶಿಧರ ಎದ್ದು ನಿಂತ. ಚೀಲ ಬಿಚ್ಚಿ ಕಿತ್ತ ತಂತಿ ನೋಡಿದ. ಮೇಜಿನ ಖಾನೆ ಎಳೆದು ಹೊಸ ತಂತಿಯ ಪೊಟ್ಟಣ ತೆಗೆದಿಟ್ಟ.

"ಇದು ನಿಮ್ಮತ್ರ ಹೇಗೆ?"

"ಕಿತ್ತುಹೋದ್ರೆ ಇರ್ಲಿ ಅಂತ ತರಿಸಿಟ್ಟಿದ್ದೆ. ಆ ತಿರುಪು ನಲವತ್ತು ದಿನಕ್ಕೆ ಮುಗಿಯುತ್ತೆ, ನೀವು ಬರ್ತೀರಾ ಅಂದ್ಕೊಂಡಿದ್ದೆ. ನೀವು ಐವತ್ತೆರಡು ದಿನ ಎಳೆದ್ರಿ. ಕೊನೇ ಹನ್ನೆರಡು ದಿನ ಅಂಗಡಿ ಬಾಗಿಲು ಬಿಟ್ಟು ಊಟಕ್ಕೂ ಹೋಗಿಲ್ಲ."

"ಬರೋದೇ ಬೇಡ ಅಂದವರು ನೀವೇ ಅಲ್ವಾ?"

"ಆ ಕೈಯಲ್ಲಿ ಇದನ್ನ ಹೊತ್ಕೊಂಡು ಬರೋದು ಬೇಡ ಅಂದೆ. ನೀವು ಬೇಡ ಅಂದ್ನಾ?"

"ಇದಿಲ್ದೆ ಬರೋಕೆ ನನಗೆ ಯಾವ ನೆಪ ಇತ್ತು?"

ಅವನು ತಂತಿಯ ಪೊಟ್ಟಣ ಬಿಚ್ಚತೊಡಗಿದ.

"ಬಾಯಲ್ಲಿ ಹೇಳ್ಬಹುದಿತ್ತಲ್ರೀ!" ಅವಳ ಕಣ್ಣು ತುಂಬಿತು.

"ಬಾಯಲ್ಲಿ ಹೇಳೋಕೆ ಬಂದಿದ್ರೆ ತಿರುಪು ಯಾಕೆ ಹಾಕ್ತಿದ್ದೆ ತನುಜಾ?"

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹೊಸ ತಂತಿ ಕಟ್ಟಿ, ತಿರುಪು ಪೂರ್ತಿ ಸಡಿಲ ಮಾಡಿ, ಅವಳ ಬಲಗೈಯನ್ನು ಬಿರಡೆಯ ಮೇಲಿಟ್ಟ. ಅದರ ಮೇಲೆ ತನ್ನ ಕೈ ಇಟ್ಟ.

"ನೋಯುತ್ತಾ?"

"ಇಲ್ಲ... ಇನ್ನೊಂಚೂರು."

"ಶ್ರುತಿ ಆಗ್ಲೇ ಸೇರಿದೆ."

"ಗೊತ್ತು. ಆದ್ರೂ ಇನ್ನೊಂಚೂರು."

ಅವತ್ತು ಭದ್ರಾವತಿಯ ಬಸ್ಸಿನಲ್ಲಿ ಶಶಿಧರ ಎರಡು ಟಿಕೆಟ್ ತೆಗೆಸಿದ, ತನಗೊಂದು, ಚೆಲ್ಲೋಗೊಂದು.

ಹೋದದ್ದು ಎರಡೂವರೆ ಸಾವಿರದ ಒಂದು ತಂತಿ, ಐವತ್ತೆರಡು ದಿನ. ಮಣಿಕಟ್ಟು ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ಸಿಕ್ಕಿದ್ದು ಬಿರಡೆ ತಿರುಗಿಸಲು ಇನ್ನೊಂದು ಕೈ.